ಇಪ್ಪತ್ತೈದರ ಮೇಲಿನ ಬೊಟ್ಟು

ಆ ಬೊಟ್ಟನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಹಣೆಯ ಮೇಲಿನ ಬೊಟ್ಟಲ್ಲ. ವಿಮಾನದ ಮೀಟರಿನ ಗಾಜಿನ ಮೇಲೆ, ಇಪ್ಪತ್ತೈದು ಎಂಬ ಅಂಕಿಯ ನೆತ್ತಿಗೇ ಹೆಬ್ಬೆರಳಲ್ಲಿ ಒತ್ತಿ ಇಟ್ಟ ಕುಂಕುಮದ ಬೊಟ್ಟು. ಎಣ್ಣೆಯಲ್ಲಿ ಕಲಸಿದ್ದರಿಂದ ಗಾಜಿಗೆ ಗೋಂದಿನ ಹಾಗೆ ಕಚ್ಚಿಕೊಂಡಿತ್ತು.

ಆ ವಿಮಾನ ನಮ್ಮಪ್ಪನಿಗಿಂತ ಹಳೆಯದು. ನಾಲ್ಕು ಸೀಟು, ಮೂಗಿನ ತುದಿಗೆ ಒಂದೇ ಪ್ರೊಪೆಲರ್, ಅದರ ಹಿಂದೆ ಹೂವಿನ ಎಸಳಿನ ಹಾಗೆ ಸುತ್ತಲೂ ಜೋಡಿಸಿದ ಏಳು ಸಿಲಿಂಡರುಗಳ ಎಂಜಿನ್. ಸ್ಟಾರ್ಟ್ ಮಾಡಿದರೆ ಮೊದಲು ಕೆಮ್ಮುತ್ತದೆ, ಆಮೇಲೆ ಹೊಗೆ ಉಗುಳುತ್ತದೆ, ಅದೆಲ್ಲ ಮುಗಿದ ಮೇಲೆ ಮನಸ್ಸು ಬಂದರೆ ತಿರುಗುತ್ತದೆ. ನಮ್ಮ ತಾತ ಬೆಳಿಗ್ಗೆ ಎದ್ದು ಹಿತ್ತಲಿಗೆ ಹೊರಡುವುದೂ ಇದೇ ಕ್ರಮದಲ್ಲಿ.

ವಿಮಾನದ ಮಾಲೀಕರು ಹೊಳೆನರಸೀಪುರದ ಕಡೆಯವರು, ಖಾಸಗಿ ಬಸ್ಸುಗಳ ಸಾಹುಕಾರರು. ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಮೈಸೂರು ಎಂದು ಅವರ ಬಸ್ಸುಗಳು ಹಗಲೆಲ್ಲ ಧೂಳೆಬ್ಬಿಸಿಕೊಂಡು ಓಡುತ್ತವೆ. ವಯಸ್ಸಾದ ಮೇಲೆ ವಿಮಾನ ಹಾರಿಸುವ ಹುಚ್ಚು ಹಿಡಿದು, ಸಣ್ಣ ತರಬೇತಿ ವಿಮಾನದಲ್ಲಿ ಕಲಿತು ಲೈಸೆನ್ಸ್ ಮಾಡಿಸಿದರು, ಈ ಹಳೆಯ ವಿಮಾನವನ್ನು ಎಲ್ಲಿಂದಲೋ ತಂದು ಮೈಸೂರಿನ ರನ್‌ವೇ ಪಕ್ಕದ ಶೆಡ್ಡಿನಲ್ಲಿ ನಿಲ್ಲಿಸಿದರು. ಅಷ್ಟರಲ್ಲಿ ಬಿ.ಪಿ. ಏರಿತು. ಡಾಕ್ಟರು, ನೀವು ಹಾರಿಸುವ ಹಾಗಿಲ್ಲ, ಬೇಕಾದರೆ ಪಕ್ಕದಲ್ಲಿ ಕೂತುಕೊಳ್ಳಿ ಎಂದರು. ಆಗ ಅವರಿಗೆ ಲೈಸೆನ್ಸ್ ಇರುವ ಒಬ್ಬ ಬೇಕಾಯಿತು. ನಾನು ಪೈಲಟ್ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿ, ಕೆಲಸ ಸಿಗದೆ, ಚನ್ನರಾಯಪಟ್ಟಣದಲ್ಲಿ ನಮ್ಮಪ್ಪನ ತೆಂಗಿನಕಾಯಿ ಮಂಡಿಯಲ್ಲಿ ಗೋಣಿಚೀಲ ಹೊಲಿಯುತ್ತಾ ಕೂತಿದ್ದೆ. ಹೊಲಿಗೆಯೂ ನೆಟ್ಟಗೆ ಬರುತ್ತಿರಲಿಲ್ಲ. ನಾನು ಹೊಲಿದ ಚೀಲ ಲಾರಿ ಹತ್ತುವ ಮೊದಲೇ ಬಾಯಿ ಬಿಡುತ್ತಿತ್ತು.

ಹೀಗೆ ನಾನು ಕಮ್ಯಾಂಡರ್ ಆದೆ. ಕಾನೂನಿನ ಲೆಕ್ಕದಲ್ಲಿ ಆ ವಿಮಾನ ನೆಲ ಬಿಟ್ಟ ಮೇಲೆ ನನ್ನ ಮಾತೇ ಕಡೆಯ ಮಾತು. ಮಂಡಿಯ ಲೆಕ್ಕ ಬೇರೆ ಇತ್ತು.

"ಏನ್ಲಾ, ಬಸ್ ಸಾವುಕಾರ್ರ ತಾವ ಡ್ರೈವರ್ ಆದ್ಯಂತೆ?" ಎಂದರು ಎದುರು ಮಂಡಿಯ ಮಾವ.

"ಡ್ರೈವರ್ ಅಲ್ಲ ಮಾವ, ಪೈಲಟ್ಟು."

"ಅದೇ ಕಣ್ಲಾ. ಡಬಲ್ ಡ್ಯೂಟಿ ಮಾಡುಸ್ತಾರಾ?"

"ವಿಮಾನಕ್ಕೆ ಡಬಲ್ ಡ್ಯೂಟಿ ಇಲ್ಲ."

"ಕಂಡಕ್ಟ್ರು ಯಾರು ಮತ್ತೆ?"

ನನ್ನ ಸಿಟ್ಟು ಅಲ್ಲಿಂದಲೇ ಶುರುವಾಗಿದ್ದು.

ಈಗ ವಿಷಯಕ್ಕೆ ಬರುತ್ತೇನೆ. ಆ ವಿಮಾನದಲ್ಲಿ ಎಂಜಿನ್ನಿಗೆ ಮೂರು ಲಿವರ್. ಬಸ್ಸಿನ ಭಾಷೆಯಲ್ಲೇ ಹೇಳುತ್ತೇನೆ. ಮೊದಲನೆಯದು ಆಕ್ಸಿಲರೇಟರ್. ಎಂಜಿನ್ ಎಷ್ಟು ಗಾಳಿ ಕುಡಿಯಬೇಕೆಂದು ಹೇಳುವುದು ಅದು. ಎಷ್ಟು ಕುಡಿಯುತ್ತಿದೆ ಎಂಬುದನ್ನು ಗಾಳಿ ಮೀಟರ್ ಇಂಚಿನ ಲೆಕ್ಕದಲ್ಲಿ ತೋರಿಸುತ್ತದೆ. ಎರಡನೆಯದು ಗೇರಿನ ಥರ. ಪ್ರೊಪೆಲರಿನ ಎಲೆಗಳನ್ನು ಓರೆ ಮಾಡಿ ಎಂಜಿನ್ ನಿಧಾನ ತಿರುಗಬೇಕೋ ಜೋರಾಗಿ ತಿರುಗಬೇಕೋ ತೀರ್ಮಾನಿಸುತ್ತದೆ. ಮೂರನೆಯದು ಗಾಳಿಗೆ ಬೆರೆಯುವ ಪೆಟ್ರೋಲನ್ನು ದಪ್ಪ ಅಥವಾ ತೆಳು ಮಾಡುವುದು. ಮೇಲಕ್ಕೆ ಹತ್ತಿ ಮುಗಿಸಿ, ಇನ್ನು ನೆಟ್ಟಗೆ ಹೋಗೋಣ ಎನ್ನುವಾಗ ಮೊದಲನೆಯದನ್ನು ಹಿಂದಕ್ಕೆ ತರಬೇಕು, ಆಮೇಲೆ ಎರಡನೆಯದನ್ನು, ಕಡೆಗೆ ಮೂರನೆಯದನ್ನು. ಮತ್ತೆ ಶಕ್ತಿ ಬೇಕಾದರೆ ಇದೇ ಕ್ರಮ ಉಲ್ಟಾ. ತಪ್ಪಿದರೆ, ತುಂಬಿದ ಬಸ್ಸನ್ನು ಟಾಪ್ ಗೇರಿನಲ್ಲಿ ಶಿರಾಡಿ ಘಾಟಿ ಹತ್ತಿಸಿದ ಹಾಗೆ ಎಂಜಿನ್ ಒಳಗೊಳಗೇ ಬಡಿದುಕೊಳ್ಳುತ್ತದೆ.

ಇದನ್ನೆಲ್ಲ ನಾನು ಹುಟ್ಟುತ್ತಲೇ ಕಲಿತು ಬಂದಿದ್ದೆ ಎಂದುಕೊಳ್ಳಬೇಡಿ. ಆ ವಿಮಾನದಲ್ಲಿ ಮೊದಲ ದಿನ, ಪರೀಕ್ಷೆ ಮಾಡಲು ಬಂದಿದ್ದ ಹಿರಿಯ ಪೈಲಟ್ ಪಕ್ಕದಲ್ಲಿ ಕೂತಿರುವಾಗ, ಮೊದಲನೆಯದರ ಬದಲು ಮೂರನೆಯ ಲಿವರನ್ನು ಪೂರ್ತಿ ಹಿಂದಕ್ಕೆಳೆದೆ. ಪೆಟ್ರೋಲ್ ಬಂದ್. ಎಂಜಿನ್ ತೆಪ್ಪಗಾಯಿತು. ಎಷ್ಟು ತೆಪ್ಪಗಾಯಿತೆಂದರೆ, ಕೆಳಗೆ ಭತ್ತದ ಗದ್ದೆಯಲ್ಲಿ ಯಾರೋ ಕೆಮ್ಮಿದ್ದು ಮೇಲಕ್ಕೆ ಕೇಳಿಸಿತು. ಆತ ಬೀಡಿ ಸೇದುವವನೆಂದು ಕೆಮ್ಮಿನಲ್ಲೇ ಗೊತ್ತಾಯಿತು. ಹಿರಿಯರು ಲಿವರನ್ನು ಮುಂದಕ್ಕೆ ತಳ್ಳಿ, ಎಂಜಿನ್ ಮತ್ತೆ ಗುಡುಗಿದ ಮೇಲೆ, "ಅದು ಕಾಫಿಗೆ ಸಕ್ಕರೆ ಹಾಕೋ ಸ್ಪೂನಲ್ಲ" ಎಂದರು. ಆ ದಿನದಿಂದ ಮೂರು ಲಿವರ್ ಮುಟ್ಟುವಾಗಲೂ ನಾನು ಗಟ್ಟಿಯಾಗಿ ಒಂದು, ಎರಡು, ಮೂರು ಎಂದು ಹೇಳಿಕೊಳ್ಳುತ್ತೇನೆ. ಅಂಗನವಾಡಿ ಮಗುವಿನ ಹಾಗೆ. ನಾಚಿಕೆಯಿಲ್ಲ.

ಸಾಹುಕಾರರ ಪದ್ಧತಿ ಬೇರೆ. ಅವರ ಪ್ರತಿ ಬಸ್ಸಿನ ಸ್ಪೀಡೋಮೀಟರಿನ ಗಾಜಿಗೂ ಆಯುಧಪೂಜೆಯ ದಿನ ಸ್ವತಃ ಅವರೇ ಒಂದು ಬೊಟ್ಟು ಇಡುತ್ತಾರೆ. ಪೂಜೆಗೆ ಪೂಜೆ, ಆಜ್ಞೆಗೆ ಆಜ್ಞೆ. ಮುಳ್ಳು ಬೊಟ್ಟಿಗಿಂತ ಕೆಳಗಿಳಿದರೆ ಹಿಂದಿನ ಬಸ್ಸಿನವನು ಮುಂದೆ ನುಗ್ಗಿ, ಮುಂದಿನ ಸ್ಟಾಪಿನ ಜನರನ್ನೆಲ್ಲ ಬಾಚಿಕೊಂಡು ಹೋಗುತ್ತಾನೆ. ಅದರ ಜೊತೆಗೆ, ಬೇಗ ಟಾಪ್ ಗೇರಿಗೆ ಹಾಕಿ ಪೆಡಲ್ ಅದುಮಿಟ್ಟುಕೊಂಡರೆ ಡೀಸೆಲ್ ಉಳಿಯುತ್ತದೆ ಎಂಬುದು ಅವರ ನಂಬಿಕೆ. ಅವರ ಡ್ರೈವರುಗಳು ಹೀಗೆಯೇ ಕಲಿತವರು. ನಾನೂ ಹೀಗೆಯೇ ಕಲಿಯಬೇಕೆಂದು ಅವರ ಆಸೆ.

ಆಯುಧಪೂಜೆಯ ದಿನ ಶೆಡ್ಡಿಗೆ ಬುಟ್ಟಿ ತುಂಬ ಸಾಮಾನು ತಂದರು. ಬೂದುಗುಂಬಳಕಾಯಿ ಒಡೆದರು. ಚಕ್ರಕ್ಕೆ ನಿಂಬೆಹಣ್ಣು ಇಟ್ಟರು. ಪ್ರೊಪೆಲರಿಗೆ ಚೆಂಡುಹೂವಿನ ಹಾರ ಹಾಕಿದರು. ಅಲ್ಲಿಯವರೆಗೆ ನನ್ನದೂ ಒಪ್ಪಿಗೆ. ನಾನೂ ಕೈ ಮುಗಿದೆ, ಕುಂಬಳಕಾಯಿಯ ಚೂರಿನ ಮೇಲೆ ಕಾಲಿಟ್ಟು ಜಾರಿ ರೆಕ್ಕೆಗೆ ಹಣೆ ಬಡಿಸಿಕೊಂಡೆ. ಸಾಷ್ಟಾಂಗಕ್ಕೆ ಅರ್ಧ ದಾರಿಯಲ್ಲಿದ್ದೇನೆ ಎಂದು ಎಲ್ಲರೂ ಭಾವಿಸಿದರು. ಆಮೇಲೆ ಸಾಹುಕಾರರು ಕುಂಕುಮದ ಬಟ್ಟಲು ಹಿಡಿದು ಒಳಗೆ ಹತ್ತಿದರು. ಗಡಿಯಾರಕ್ಕೆ ಒಂದು ಬೊಟ್ಟು. ದಿಕ್ಸೂಚಿಗೆ ಒಂದು. ಸಿಲಿಂಡರಿನ ಶಾಖ ತೋರಿಸುವ ಮೀಟರಿನಲ್ಲಿ, ಅಪಾಯದ ಕೆಂಪು ಗೆರೆ ಎಲ್ಲಿದೆಯೋ ಸರಿಯಾಗಿ ಅಲ್ಲೇ ಒಂದು. ಗಾಳಿ ಮೀಟರಿಗೆ, ಬೇಕೆಂದೇ, ಇಪ್ಪತ್ತೈದರ ಮೇಲೆ.

"ಸಾ, ಗಾಜಿನ್ ಮ್ಯಾಲೆ ಬ್ಯಾಡ. ಮುಳ್ಳು ಕಾಣಲ್ಲ."

"ಕಾಣ್ದೆ ಎಲ್ಲಿಗ್ ಓಯ್ತದೆ? ಬೊಟ್ಟಿನ ಕೆಳಗೇ ಇರ್ತದೆ ಕಣ್ಲಾ. ಅದುಕ್ಕೇ ಇಟ್ಟಿರಾದು."

"ಇಪ್ಪತ್ತೈದು ಜಾಸ್ತಿ ಆಯ್ತು ಸಾ. ಇಪ್ಪತ್ತೆರಡು ಸಾಕು."

"ಇಪ್ಪತ್ತೆರಡಾ? ಅಂಗಾರೆ ಎತ್ತಿನ್ ಗಾಡಿ ತಕ್ಕಬೋದಾಗಿತ್ತು."

ಅವತ್ತೇ ಒರೆಸಬೇಕಿತ್ತು. ಹಬ್ಬದ ದಿನ ದೇವರ ಕುಂಕುಮ ಒರೆಸುವುದು ಹೇಗೆ ಎಂದು ಸುಮ್ಮನಾದೆ. ಮುಳ್ಳಿನ ಬಾಲ ಕಾಣುತ್ತದಲ್ಲ, ಅದರಲ್ಲೇ ಅಂದಾಜು ಮಾಡಿದರಾಯಿತು ಎಂದುಕೊಂಡೆ. ನನ್ನ ಬುದ್ಧಿಗೂ ಒಂದು ನಿಂಬೆಹಣ್ಣು ಕಟ್ಟಬೇಕಿತ್ತು.

ಮರುದಿನ ವಿಜಯದಶಮಿ. ಸಾಹುಕಾರರ ಹೆಂಡತಿ ಹಿಂದಿನ ಸೀಟಿನಲ್ಲಿ ಬಂದು ಕೂತರು. ನಾನು ಅವರನ್ನು ಅಮ್ಮ ಎನ್ನುತ್ತೇನೆ. ಅವರ ತವರು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣ. ತವರಿನ ಮನೆಯನ್ನು ಮೇಲಿನಿಂದ ಒಂದು ಸಲ ನೋಡಬೇಕೆಂದು ಅವರಿಗೆ ಆಸೆ. ತಮ್ಮನಿಗೆ ಹೇಳಿ ಮಾಳಿಗೆಯ ಮೇಲೆ ಹಳದಿ ಸೀರೆ ಹರಡಿಸಿದ್ದರು, ಗುರುತು ಸಿಗಲಿ ಎಂದು. ತೊಡೆಯ ಮೇಲೆ ಕೋಡುಬಳೆ ಡಬ್ಬಿ. ಕಿವಿಗೆ ಹೆಡ್‌ಫೋನ್ ಹಾಕಿಕೊಟ್ಟೆ. ಹಾರುವಾಗ ಮೂವರೂ ಅದರಲ್ಲೇ ಮಾತಾಡಬೇಕು.

"ಮಗಾ, ಸೀರೆ ಕಂಡ್ ತಕ್ಷಣ ಯೋಳು."

"ಯೋಳ್ತೀನಮ್ಮ."

ಮೈಸೂರಿನಿಂದ ಎದ್ದು ಹೊಳೆನರಸೀಪುರದ ಕಡೆ ತಿರುಗಿದೆವು. ಎತ್ತರ ಸಿಕ್ಕ ಮೇಲೆ ನಾನು ಒಂದು, ಎರಡು, ಮೂರು ಎಂದು ಹೇಳಿಕೊಂಡು ಮುಳ್ಳನ್ನು ಇಪ್ಪತ್ತೆರಡಕ್ಕೆ ನಿಲ್ಲಿಸಿದೆ. ಎಂಜಿನ್ ಹದವಾಗಿ ಗುನುಗತೊಡಗಿತು. ಎದುರುಗಾಳಿ ಇತ್ತು, ಹಾಗಾಗಿ ನೆಲ ನಿಧಾನಕ್ಕೆ ಸರಿಯುತ್ತಿತ್ತು. ಹೇಮಾವತಿ ನದಿಯ ತಿರುವು ಕಂಡಿತು. ಅಷ್ಟರಲ್ಲಿ ಸಾಹುಕಾರರು ಕಿಟಕಿಗೆ ಮೂಗು ಒತ್ತಿದರು.

"ಅಗಾ, ನಮ್ ಗಾಡಿ. ಆಸನದ್ ಗಾಡಿ. ಎಂಗ್ ಓಯ್ತಾವ್ನೆ ನೋಡು. ನಾವ್ ಇಲ್ಲಿ ಮ್ಯಾಲೆ ಗಾಳಿಪಟ ಆಡುಸ್ತಾ ಇದೀವಿ."

"ಬಸ್ಸಿಗಿಂತ ಜೋರಾಗೇ ಓಯ್ತಾ ಇದೀವಿ ಸಾ."

"ಮುಳ್ಳು ಬೊಟ್ಟಿಗೆ ಬಂದಿಲ್ಲ."

ಎಂದವರೇ ಕೈ ಚಾಚಿ ಮೊದಲ ಲಿವರನ್ನು ಪೂರ್ತಿ ಮುಂದಕ್ಕೆ ತಳ್ಳಿದರು. ನಾನು ಹಿಂದಕ್ಕೆಳೆದೆ. ಅವರು ತಳ್ಳಿದರು. ನಾನು ಎಳೆದೆ. ಮೇಲೆ ಆಕಾಶದಲ್ಲಿ ಇಬ್ಬರು ಗಂಡಸರು ಒಂದು ಹಿಡಿಕೆಯನ್ನು ಹಿಡಿದು ಜಗ್ಗಾಡುತ್ತಿದ್ದರೆ ವಿಮಾನ ಹೇಗೆ ಹೋಗುತ್ತದೆ? ನಮ್ಮೂರಿನ ಸ್ಪೀಡ್ ಬ್ರೇಕರುಗಳ ಮೇಲೆ ಹೋದ ಹಾಗೆ ಹೋಯಿತು. ಹಿಂದೆ ಕೋಡುಬಳೆ ಡಬ್ಬಿ ಉರುಳಿತು.

"ಸಾ, ಕೈ ತಗೀರಿ. ಕಮ್ಯಾಂಡರ್ ನಾನು."

"ವಿಮಾನ ನಂದು ಕಣ್ಲಾ."

"ಲೈಸೆನ್ಸ್ ನಂದು."

"ಲೈಸೆನ್ಸ್ ಇಟ್ಕಂಡ್ ಕಾಯಿ ಮಂಡೀಲ್ ಚೀಲ ಒಲೀತಿದ್ಯಲ್ಲ, ಆಗ ಎಲ್ ಓಗಿತ್ತು?"

ಆ ಮಾತಿಗೆ ನನ್ನ ಕೈ ಒಂದು ಗಳಿಗೆ ಸಡಿಲವಾಯಿತು. ಅಷ್ಟೇ ಸಾಕಾಯಿತು ಅವರಿಗೆ. ಮೊದಲನೆಯದು ಪೂರ್ತಿ ಮುಂದೆ. "ಟಾಪ್ ಗೇರ್" ಎಂದು ಎರಡನೆಯದನ್ನು ಹಿಂದಕ್ಕೆಳೆದರು. "ಎಣ್ಣೆ ಉಳೀಲಿ" ಎಂದು ಮೂರನೆಯದನ್ನೂ ಎಳೆದರು. ಎಂಜಿನ್ ಕುಡಿಯುವುದು ಹೆಚ್ಚು, ತಿರುಗುವುದು ಕಡಿಮೆ, ಪೆಟ್ರೋಲ್ ತೆಳು. ಒಂದು ಹಳೆಯ ಎಂಜಿನ್ನನ್ನು ಕೊಲ್ಲಲು ಇದಕ್ಕಿಂತ ಒಳ್ಳೆಯ ಅಡುಗೆ ಇಲ್ಲ.

ಗುನುಗು ಹೋಗಿ ಎಂಜಿನ್ನಿನ ಒಳಗೇ ಯಾರೋ ಕುಟ್ಟುವ ಹಾಗೆ ಒಂದು ಒರಟು ನಡುಕ ಬಂತು. ಸೀಟಿನ ಕೆಳಗಿಂದ ಹಲ್ಲಿನವರೆಗೂ ಹತ್ತಿತು. ಕಾದ ಎಣ್ಣೆಯ ವಾಸನೆ ಬಂತು. ನಾನು ಶಾಖದ ಮೀಟರ್ ನೋಡಿದೆ. ಮುಳ್ಳು ಮೇಲೇರಿ ಕುಂಕುಮದ ಹಿಂದೆ ಹೋಗಿ ಕೂತಿತ್ತು. ಕೆಂಪು ಗೆರೆಯ ಈಚೆಗಿದೆಯೋ ಆಚೆಗಿದೆಯೋ ದೇವರಿಗೇ ಗೊತ್ತು, ಯಾಕೆಂದರೆ ಬೊಟ್ಟು ಅವನದೇ.

"ಅಗಾ, ಬೊಟ್ಟು ಮುಟ್ತು" ಎಂದರು ಸಾಹುಕಾರರು ಗಾಳಿ ಮೀಟರ್ ನೋಡಿ, ಸಂತೋಷದಿಂದ.

ನನಗೆ ಬಂದ ಸಿಟ್ಟು ಅಂಥಿಂಥದ್ದಲ್ಲ. ಅವರ ಮೇಲೆ ಸಿಟ್ಟು, ಬೊಟ್ಟಿನ ಮೇಲೆ ಸಿಟ್ಟು, ಮಾತು ಮಾತಿಗೂ ಸಾ ಸಾ ಎನ್ನುತ್ತಿದ್ದ ನನ್ನ ನಾಲಿಗೆಯ ಮೇಲೂ ಸಿಟ್ಟು. ಹೆಬ್ಬೆರಳಿಗೆ ಉಗುಳು ಹಚ್ಚಿಕೊಂಡು ಗಾಜು ಉಜ್ಜಿದೆ. ಸಿಟ್ಟಿನಲ್ಲಿ ಉಜ್ಜಿದ್ದು ಗಡಿಯಾರದ ಬೊಟ್ಟು. ಟೈಮು ಸ್ಪಷ್ಟವಾಗಿ ಕಾಣಿಸಿತು. ಮತ್ತೆ ಉಗುಳಿ ಉಜ್ಜಿದೆ, ದಿಕ್ಸೂಚಿ. ನಾವು ಪಶ್ಚಿಮಕ್ಕೆ ಹೋಗುತ್ತಿದ್ದೇವೆ ಎಂದು ತಿಳಿಯಿತು, ಬಹಳ ಉಪಕಾರ. ಮೂರನೆಯ ಉಗುಳಿಗೆ ಬಾಯಿ ಒಣಗಿತ್ತು. ಅಂಗಿಯ ತೋಳನ್ನೇ ಹಚ್ಚಿ ತಿಕ್ಕಿದೆ. ಶಾಖದ ಮುಳ್ಳು ಕಂಡಿತು. ಕೆಂಪು ಗೆರೆಯನ್ನು ದಾಟಿ ನಿಂತಿತ್ತು.

"ಅಯ್ಯಯ್ಯೋ, ಎಂಜ್ಲು, ಎಂಜ್ಲು. ದೇವ್ರ ಕುಂಕ್ಮಕ್ಕೆ ಉಗುದ್ಬುಟ್ನಲ್ರೀ" ಎಂದು ಹಿಂದಿನಿಂದ ಅಮ್ಮನ ದನಿ.

"ಲೇ, ಏನ್ ಮಾಡ್ತಿದೀಯಾ ನೀನು?" ಸಾಹುಕಾರರು ಮತ್ತೆ ಲಿವರಿಗೆ ಕೈ ಹಾಕಿದರು.

ನಾನು ಅವರ ಕೈ ಮೇಲೆ ಹೊಡೆದೆ. ನಿಜವಾಗಿಯೂ ಹೊಡೆದೆ. ಕರಿಗಡುಬಿನ ತಟ್ಟೆಗೆ ಪೂಜೆಗೆ ಮೊದಲೇ ಕೈ ಹಾಕಿದ ಮಗುವಿಗೆ ಹೊಡೆಯುವ ಹಾಗೆ, ಚಟ್ ಎಂದು. ಹಾಸನ ಜಿಲ್ಲೆಯ ಅರ್ಧ ಬಸ್ಸುಗಳನ್ನು ಓಡಿಸುವ ಕೈ ಅದು.

"ಇನ್ನೊಂದ್ಸಲ ಮುಟ್ಟುದ್ರೆ ಇಲ್ಲೇ ಯಾವ್ದಾರ ಒಲಕ್ಕೆ ಇಳ್ಸಿ ನಿಮ್ ಗಾಡೀಲೇ ಮನೆಗ್ ಕಳುಸ್ತೀನಿ" ಎಂದೆ. ಅಲ್ಲಿ ಸಾ ಇರಲಿಲ್ಲ. ನನಗೇ ಆಶ್ಚರ್ಯವಾಯಿತು.

ನಾನು ಮೊದಲು ಪೆಟ್ರೋಲ್ ದಪ್ಪ ಮಾಡಿದೆ. ಎರಡನೆಯ ಲಿವರನ್ನು ಮುಂದಕ್ಕೆ ಒತ್ತಿ ಎಂಜಿನ್ನಿಗೆ ಉಸಿರಾಡಲು ಬಿಟ್ಟೆ. ಮೊದಲನೆಯದನ್ನು ಮಾತ್ರ ಒಂದೇ ಸಲ ಎಳೆಯಲಿಲ್ಲ. ಕಾದ ಎಂಜಿನ್ನಿಗೆ ಮೇಲಿನ ತಣ್ಣನೆಯ ಗಾಳಿ ಥಟ್ಟನೆ ಹೊಡೆದರೆ ಲೋಹ ಬಿರಿಯುತ್ತದೆ. ಒಲೆಯ ಮೇಲಿಂದ ಇಳಿಸಿದ ಕಾವಲಿಗೆ ನೀರು ಎರಚಿದ ಹಾಗೆ. ಕೂದಲೆಳೆಯಷ್ಟು, ಇನ್ನೊಂದು ಕೂದಲೆಳೆಯಷ್ಟು ಎಂದು ಹಿಂದಕ್ಕೆ ತಂದೆ. ಹಾಗೆ ಮೆಲ್ಲಗೆ ಮಾಡುವಾಗ ಸಿಟ್ಟನ್ನು ಎಲ್ಲಿ ಇಡುವುದು? ಕಾಲ ಬೆರಳುಗಳಲ್ಲಿ ಇಟ್ಟುಕೊಂಡೆ. ಬೂಟಿನೊಳಗೆ ಅವು ಮುಷ್ಟಿಯಾಗಿದ್ದವು. ಶಾಖದ ಮುಳ್ಳು ಇಳಿಯತೊಡಗಿತು. ನಡುಕ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ.

"ಮಗಾ, ಮಲ್ಲೀಪಟ್ಣ ಎಲ್ ಬಂತು?" ಎಂದರು ಅಮ್ಮ, ಮೆಲ್ಲಗೆ.

ನಾನು ಕೆಳಗೆ ನೋಡಿದೆ. ಮಲ್ಲಿಪಟ್ಟಣ ಹಿಂದೆ ಸರಿದುಹೋಗಿತ್ತು. ನಾವು ಲಿವರ್ ಜಗ್ಗಾಡುವಾಗಲೇ ಅವರ ತವರು ಕೆಳಗೆ ಬಂದು, ಹೋಗಿತ್ತು. ಅಮ್ಮನ ತಮ್ಮ, ಹಳದಿ ಸೀರೆ ಹರಡಿದ ಮಾಳಿಗೆಯ ಮೇಲೆ ನಿಂತು ಕೈ ಬೀಸಿರಬೇಕು.

"ಓಯ್ತಮ್ಮ" ಎಂದೆ.

"ತಿರುಗ್ಸು ಮತ್ತೆ."

ತಿರುಗಿಸುವ ಮನಸ್ಸು ನನಗೂ ಇತ್ತು. ಆದರೆ ಎಂಜಿನ್ನಿನ ಆ ಉಳಿದ ನಡುಕ ಸೀಟಿನಲ್ಲಿ ಇನ್ನೂ ಇತ್ತು. ಮಲ್ಲಿಪಟ್ಟಣದ ಮೇಲೆ ಸುತ್ತು ಹೊಡೆಯುವ ಸ್ಥಿತಿಯಲ್ಲಿ ವಿಮಾನ ಇರಲಿಲ್ಲ.

"ಆಗಲ್ಲಮ್ಮ. ಎಂಜಿನ್ ಉಷಾರಿಲ್ಲ. ನೆಟ್ಟಗೆ ಮೈಸೂರಿಗೆ ಓಗ್ಬೇಕು."

ಅವರು ಉರುಳಿದ್ದ ಕೋಡುಬಳೆ ಡಬ್ಬಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಗಂಡನಿಗೆ ಹೇಳಿದರು: "ಬಸ್ಸಲ್ ಕೂರ್ಸ್ಕಂಡ್ ಓದ್ರೂ ಇಂಗೇಯ. ನಮ್ಮೂರ್ ಬತ್ತದೆ ಅನ್ನಗಂಟ ಊರೇ ಓಗಿರ್ತದೆ."

ಸಾಹುಕಾರರು ಹೊಡೆಸಿಕೊಂಡ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು. ಮೈಸೂರಿನಲ್ಲಿ ಇಳಿದು ಎಂಜಿನ್ ನಿಲ್ಲಿಸಿದ ಮೇಲೆ, "ನಾಳೆಯಿಂದ ಬರ್ಬ್ಯಾಡ" ಎಂದರು.

"ಬರಲ್ಲ" ಎಂದೆ. ಹೆಡ್‌ಫೋನ್ ಬಿಸಾಡಿ ಗತ್ತಿನಿಂದ ನಡೆದೆ. ಎರಡು ಹೆಜ್ಜೆಗೆ ಅದರ ವೈರು ಕಾಲಿಗೆ ಸಿಕ್ಕಿತು. ಸಿಟ್ಟಿನಿಂದ ನಡೆದುಹೋಗುವುದೂ ನನಗೆ ನೆಟ್ಟಗೆ ಬರುವುದಿಲ್ಲ.

ಊರಿಗೆ ಹೋಗಲು ಸಿಕ್ಕಿದ್ದು ಅವರದೇ ಬಸ್ಸು. ಸೀಟಿಲ್ಲ, ಎಂಜಿನ್ ಬಾನೆಟ್ಟಿನ ಮೇಲೆ ಕೂರು ಎಂದ ಕಂಡಕ್ಟರ್. ಕೂತೆ. ಕೆಳಗಿಂದ ಕಾವು. ಎದುರಿಗೆ ಸ್ಪೀಡೋಮೀಟರ್, ಅದರ ಮೇಲೆ ಬೊಟ್ಟು, ಬೊಟ್ಟಿನ ಕೆಳಗೆ ಮುಳ್ಳು. ಡ್ರೈವರ್ ರಸ್ತೆಗಿಂತ ಹೆಚ್ಚು ಅದನ್ನೇ ನೋಡುತ್ತಿದ್ದ.

"ಅಣ್ಣ, ಸ್ವಲ್ಪ ನಿಧಾನ ಓಡ್ಸು."

"ಸಾವುಕಾರ್ರನ್ನ ಕೇಳು" ಎಂದ.

ಆ ಬಸ್ಸಿನಲ್ಲಿ ನನ್ನ ಹತ್ತಿರ ಇದ್ದದ್ದು ಟಿಕೆಟ್ಟು ಮಾತ್ರ. ಕಮ್ಯಾಂಡರಿಕೆ ಮೈಸೂರಿನಲ್ಲೇ ಉಳಿದಿತ್ತು. ಹಲ್ಲು ಕಚ್ಚಿಕೊಂಡು ಕೂತೆ.

ಮತ್ತೆ ಗೋಣಿಚೀಲ ಹೊಲಿಯಲು ಕೂತೆ. ಎದುರು ಮಂಡಿಯ ಮಾವ, "ಡಿಪೋಗ್ ಆಕುಬುಟ್ರೇನ್ಲಾ?" ಎಂದು ವಿಚಾರಿಸಿದರು. ಕೆಲವು ವಾರಗಳಾದ ಮೇಲೆ ಅಮ್ಮ ಫೋನ್ ಮಾಡಿದರು. ಎಂಜಿನ್ ಬಿಚ್ಚಿಸಿ ನೋಡಿದಾಗ ಏಳು ಸಿಲಿಂಡರಲ್ಲಿ ಒಂದು ಬಿರುಕು ಬಿಟ್ಟಿತ್ತಂತೆ. ಅವತ್ತು ಇನ್ನೊಂದಿಷ್ಟು ದೂರ ಹಾಗೇ ಓಡಿಸಿದ್ದರೆ ಅದು ಗಾಳಿಯಲ್ಲೇ ಒಡೆದುಹೋಗುತ್ತಿತ್ತಂತೆ. ಈಗ ಹೊಸದು ಹಾಕಿಸಿದ್ದಾರಂತೆ. "ಅವ್ರಿಗೂ ಗೊತ್ತಾಗೈತೆ. ಬಾಯಲ್ ಬರಲ್ಲ ಅಷ್ಟೇಯ" ಎಂದರು. ಅದನ್ನು ಕೇಳಿ ಸಿಟ್ಟು ಇಳಿಯಬೇಕಿತ್ತು. ಇನ್ನಷ್ಟು ಏರಿತು. ಬಾಯಲ್ಲಿ ಬರದಿದ್ದರೆ ಅದು ಯಾವ ಬಾಯಿ? ಚೀಲ ಹೊಲಿಯುವವನೆಂದು ಹಂಗಿಸುವಾಗ ಸರಾಗವಾಗಿ ಬಂದಿತ್ತಲ್ಲ.

ಅದೇ ದಿನ ಸಂಜೆ ಸಾಹುಕಾರರದೇ ಫೋನ್ ಬಂತು. ಹಲೋ ಇಲ್ಲ, ಹೇಗಿದ್ದೀಯಾ ಇಲ್ಲ.

"ಎಷ್ಟು?"

"ಏನ್ ಸಾ ಎಷ್ಟು?"

"ಮುಳ್ಳು. ಎಷ್ಟುಕ್ ನಿಲ್ಸಿದ್ದೆ ಅವತ್ತು?"

"ಇಪ್ಪತ್ತೆರಡು."

"ಊಂ. ಭಾನ್ವಾರ ಬಾ." ಫೋನ್ ಕಟ್.

ಕ್ಷಮೆ ಎಂಬ ಪದದ ನೆರಳೂ ಅದರಲ್ಲಿರಲಿಲ್ಲ. ಹೋಗಬಾರದು ಎಂದು ನಿರ್ಧರಿಸಿದೆ. ಭಾನುವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಶೆಡ್ಡಿನಲ್ಲಿದ್ದೆ.

ಅಮ್ಮ ಹಿಂದಿನ ಸೀಟಿನಲ್ಲಿ ಡಬ್ಬಿ ಹಿಡಿದು ಕೂತರು. ಮಲ್ಲಿಪಟ್ಟಣದಲ್ಲಿ ಮತ್ತೆ ಹಳದಿ ಸೀರೆ ಹರಡಿಸಿದ್ದಾರಂತೆ. ಸಾಹುಕಾರರು ಬಲ ಸೀಟಿನಲ್ಲಿ ಕೂತರು. ನಾನು ಎಡ ಸೀಟಿಗೆ ಹತ್ತಿ ಮೀಟರುಗಳನ್ನು ನೋಡಿದೆ. ಗಾಜುಗಳು ಫಳಫಳ. ಗಾಳಿ ಮೀಟರಿನ ಇಪ್ಪತ್ತೈದರ ಬೊಟ್ಟು ಮಾಯ. ಶಾಖದ ಮೀಟರಿನ ಕೆಂಪು ಗೆರೆ ಸ್ಪಷ್ಟ. ಎಲ್ಲ ಅಳಿಸಿ ಒಂದೇ ಒಂದು ಹೊಸ ಬೊಟ್ಟು ಇಟ್ಟಿದ್ದರು, ಕಷ್ಟಪಟ್ಟು, ಉಗುರಿನ ತುದಿಯಲ್ಲಿ, ಸಣ್ಣದಾಗಿ, ಸರಿಯಾಗಿ ಇಪ್ಪತ್ತೆರಡರ ಮೇಲೆ. ಆದರೆ ಗಾಳಿ ಮೀಟರಿಗಲ್ಲ. ಪಕ್ಕದ ಮೀಟರಿಗೆ. ಅದು ಎಂಜಿನ್ ಎಷ್ಟು ಸುತ್ತು ತಿರುಗುತ್ತಿದೆ ಎಂದು ನೂರರ ಲೆಕ್ಕದಲ್ಲಿ ತೋರಿಸುವ ಮೀಟರ್. ಅಲ್ಲಿ ಇಪ್ಪತ್ತೆರಡು ಎಂದರೆ ಅದಕ್ಕಿಂತ ಮುಂದೆ ಹೋಗಲೇಬಾರದ ಕಡೆಯ ಗೆರೆ.

ನನ್ನ ಕಿವಿ ಬಿಸಿಯಾಯಿತು. "ಸಾ, ಇದ್ಯಾವ ಮೀಟ್ರಿಗ್ ಇಟ್ಟಿದೀರಾ?"

"ಇಪ್ಪತ್ತೆರಡು ಅಂದ್ಯಲ್ಲ."

"ಮೀಟ್ರು ಇದಲ್ಲ ಸಾ. ಅದು."

ಅವರು ಅದನ್ನು ನೋಡಿದರು, ಇದನ್ನು ನೋಡಿದರು. ಮುಖ ಬಿಗಿಯಾಯಿತು. ನಾನು ಹೆಬ್ಬೆರಳನ್ನು ಬಾಯಿಯ ಹತ್ತಿರ ತಂದೆ.

"ಉಗೀಬ್ಯಾಡ ಕಣ್ಲಾ" ಎಂದರು. ಕಾಲ ಬಳಿಯಿಂದ ನೀರಿನ ಬಾಟಲಿ ತೆಗೆದು, ಮುಚ್ಚಳ ತಿರುಗಿಸಿ ನನ್ನ ಕೈಗೆ ಕೊಟ್ಟರು. "ನೀರ್ ತಕಾ. ಒರ್ಸು."

ಒರೆಸಿದೆ. ಆಮೇಲೆ ಅವರು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ನಾನು ಎಂಜಿನ್ ಸ್ಟಾರ್ಟ್ ಮಾಡಿದೆ.